ದನದ ಅಕ್ಕೋರ ಉಂಡೆ ಡಬ್ಬಿ

ನಿವೃತ್ತಿಯ ದಿನ ಸರ್ಕಾರದ ಸಾಮಾನೆಲ್ಲ ಒಪ್ಪಿಸಿದೆ. ಥರ್ಮಾಮೀಟರು, ಸಿರಿಂಜು, ಗಮ್‌ಬೂಟು, ಕಪಾಟಿನ ಬೀಗದ ಕೈ. ಪಟ್ಟಿಯಲ್ಲಿಲ್ಲದ ಒಂದು ಸ್ಟೀಲ್ ಡಬ್ಬಿ ಮಾತ್ರ ಮೇಜಿನ ಮೇಲೆ ಉಳಿಯಿತು.

"ಇದೆಂತ ಮೇಡಂ?" ಎಂದು ನನ್ನ ಜಾಗಕ್ಕೆ ಬಂದ ಹೊಸಬಳು ಕೇಳಿದಳು.

"ತಿಂಡಿ ಡಬ್ಬಿ."

"ನಿಮ್ದಾ?"

"ಅಲ್ಲ, ದನದ್ದು."

ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ನಗಲಿ ಪಾಪ. ಕೆಲಸಕ್ಕೆ ಸೇರಿದ ಹೊಸತರಲ್ಲಿ ದನಕ್ಕೆ ತಿಂಡಿ ಅಂದರೆ ನಾನೂ ನಕ್ಕವಳೇ. ಆದರೆ ಆ ಡಬ್ಬಿಯ ಕಥೆಯನ್ನು ಒಮ್ಮೆ ಸರಿಯಾಗಿ ಹೇಳಬೇಕು ಅಂತ ಅವತ್ತೇ ಅನ್ನಿಸಿತು. ಅದರಲ್ಲಿ ನನ್ನ ಹೆಚ್ಚುಗಾರಿಕೆಯೂ ಇದೆ, ಒಂದು ದೊಡ್ಡ ತಪ್ಪೂ ಇದೆ. ಹೆಚ್ಚುಗಾರಿಕೆಯನ್ನು ಊರಿಡೀ ಹೇಳಿಕೊಂಡು ತಿರುಗಿದ್ದೇನೆ. ತಪ್ಪನ್ನು ಬರೆಯುತ್ತಿರುವುದು ಇದೇ ಮೊದಲು.

ನಾನು ಡಾಕ್ಟರಲ್ಲ. ಪಶು ಆಸ್ಪತ್ರೆಯಲ್ಲಿ ಡಾಕ್ಟರ ಕೈಕೆಳಗೆ ಪರೀಕ್ಷಕಿಯಾಗಿದ್ದವಳು. ಕುಮಟೆ ಕಡೆ ಸುರುವಾಗಿ, ಹೊನ್ನಾವರ ದಾಟಿ, ಕೊನೆಗೆ ಭಟ್ಕಳ ತಾಲೂಕಿನಲ್ಲಿ ನಿಂತೆ. ಲಸಿಕೆ ಹಾಕುವುದು, ಜಂತುಹುಳದ ಮದ್ದು ಕುಡಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಇವೇ ನನ್ನ ಕೆಲಸ. ನಮ್ಮ ಕಡೆ ಶಾಲೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ಬ್ಯಾಗು ಹಾಕಿಕೊಂಡು ಮನೆಮನೆಗೆ ಬರುವ ಹೆಂಗಸಿಗೆ ಬೇರೆ ಏನು ಕರೆಯುವುದು ಅಂತ ತಿಳಿಯದೆ ಜನ ನನಗೆ "ದನದ ಅಕ್ಕೋರು" ಅಂದರು. ಮೊದಲು ಸಿಟ್ಟು ಬಂತು. ಆಮೇಲೆ ಯಾರಾದರೂ "ಮೇಡಂ" ಅಂದರೆ ಬೇರೆ ಯಾರನ್ನೋ ಕರೆದ ಹಾಗೆ ಆಗತೊಡಗಿತು.

ಆಗ ಮದ್ದು ಕುಡಿಸಲು ನಮ್ಮ ಬಳಿ ಇದ್ದದ್ದು ಬಿದಿರಿನ ಗೊಟ್ಟ. ತುದಿ ಓರೆಯಾಗಿ ಕೊಯ್ದ ಒಂದು ಗೇಣು ಬಿದಿರು. ಒಬ್ಬರು ದನದ ಮೂಗು ಹಿಡಿದು ತಲೆ ಎತ್ತಬೇಕು, ಇನ್ನೊಬ್ಬರು ಬಾಯಿಯ ಓರೆಯಿಂದ ಗೊಟ್ಟ ತೂರಿಸಿ ಮದ್ದು ಸುರಿಯಬೇಕು. ಅರ್ಧ ದನದ ಹೊಟ್ಟೆಗೆ, ಅರ್ಧ ನಮ್ಮ ಸೀರೆಗೆ. ದನ ಬೆದರಿ ಉಸಿರೆಳೆದರೆ ಮದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯ ಬೇರೆ. ಒಮ್ಮೆ ಗೊಟ್ಟ ಕಂಡ ದನ ಮತ್ತೆ ನನ್ನ ಕಂಡರೆ ಕೊಟ್ಟಿಗೆಯ ಗೋಡೆಗೆ ಅಂಟಿಕೊಳ್ಳುತ್ತಿತ್ತು.

ಉಂಡೆ ಕಲಿಸಿದವಳು ಕುಮಟೆ ಕಡೆಯ ಮಾದೇವಜ್ಜಿ. ಅವಳ ಹಂಡ ಎಮ್ಮೆ ನನ್ನನ್ನು ಮೂರು ಸಲ ಅಂಗಳದಾಚೆ ಅಟ್ಟಿತ್ತು. ನಾಲ್ಕನೇ ಸಲ ಅಜ್ಜಿ ಜಗಲಿಯಲ್ಲಿ ಕುಳಿತು ಎಲೆ ಅಡಿಕೆ ಜಗಿಯುತ್ತಾ ಕೇಳಿದಳು.

"ಅಲ್ದೇ ತಂಗೀ, ಬರಗೈಲಿ ಬಂದು ಸೂಜಿ ಚುಚ್ಚೂಕೆ ಹೋದ್ರೆ ಅದು ಎಂತ ಹಾಡು ಹೇಳ್ತದೆ ಅಂದ್ಕಂಡೆ? ಎಂತಾದ್ರೂ ತಿನ್ನೂಕೆ ತಕಂಡು ಬಾ."

ಅವಳೇ ಮಾಡಿ ತೋರಿಸಿದಳು. ಎರಡು ಹಿಡಿ ಅಕ್ಕಿ ತೌಡು, ಒಂದು ಹಿಡಿ ತೆಂಗಿನ ಹಿಂಡಿ, ಚಿಟಿಕೆ ಉಪ್ಪು, ಹಿಡಿಯುವಷ್ಟು ಜೋನಿ ಬೆಲ್ಲ. ನೀರು ಹಾಕಲಿಲ್ಲ, ನೀರಾಗಿರುವ ಆ ಬೆಲ್ಲದ ಅಂಟೇ ಸಾಕು. ಲಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ ಹಲಸಿನ ಎಲೆಯ ಮೇಲಿಟ್ಟಳು. ಎಮ್ಮೆ ಒಂದು ತಿಂದಿತು. ಎರಡನೆಯದಕ್ಕೆ ಮೂತಿ ಚಾಚಿತು. ಮೂರನೆಯದರ ಒಳಗೆ ನಾನು ಮಾತ್ರೆ ಇಟ್ಟಿದ್ದೆ. ಅದಕ್ಕೆ ಗೊತ್ತೇ ಆಗಲಿಲ್ಲ. ಆವತ್ತಿನಿಂದ ನನ್ನ ಬ್ಯಾಗಿನಲ್ಲಿ ಔಷಧದ ಪಕ್ಕದಲ್ಲಿ ಉಂಡೆ ಡಬ್ಬಿ ಸೇರಿತು.

ಡಬ್ಬಿ ಕಂಡು ಮೂಗು ಮುರಿದವರೂ ಇದ್ದರು. ಭಟ್ಕಳ ಕಡೆ ನನಗಿದ್ದ ಡಾಕ್ಟರು ಧಾರವಾಡದವರು. ಗಂಟಲು ದೊಡ್ಡದು, ಮನಸ್ಸೂ ದೊಡ್ಡದು, ಆದರೆ ಎರಡನೆಯದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಮೊದಲ ದಿನ ಡಬ್ಬಿ ತೆರೆದು ಮೂಸಿ ನೋಡಿದರು.

"ಏನ್ರೀ ಬಾಯಾರ, ಇದು ದವಾಖಾನೀನೋ, ಮಿಠಾಯಿ ಅಂಗಡೀನೋ?"

ಅವರ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ, ಬಾಯಾರು ಎಂದು. ಒಂದು ತಿಂಗಳ ಬಳಿಕ ಮುಟ್ಟಳ್ಳಿಯಲ್ಲಿ ಒಂದು ಹೋರಿ ಅವರನ್ನು ತೆಂಗಿನ ಬುಡಕ್ಕೆ ಒತ್ತಿ ನಿಲ್ಲಿಸಿತು. ಅಲ್ಲಿಂದಲೇ ಕೂಗಿದರು: "ಬಾಯಾರ, ನಿಮ್ಮ ಮಿಠಾಯಿ ತರ್ರೀ ಲಗೂನ!" ಮತ್ತೆ ಡಬ್ಬಿಯ ಬಗ್ಗೆ ಅವರು ತಮಾಷೆ ಮಾಡಲಿಲ್ಲ. ವಾರಕ್ಕೊಮ್ಮೆ ಅವರೇ ಬೆಲ್ಲ ತಂದುಕೊಡತೊಡಗಿದರು.

ಈಗ ಹಬ್ಬದ ವಿಚಾರಕ್ಕೆ ಬರುತ್ತೇನೆ. ಹೊಸಬರು ಇದನ್ನು ಚೆನ್ನಾಗಿ ಓದಿಕೊಳ್ಳಿ, ಯಾಕೆಂದರೆ ಪುಸ್ತಕದಲ್ಲಿ ನಿಮಗೆ ಯಾರೂ ಹೇಳಿರುವುದಿಲ್ಲ. ನಮ್ಮ ಕಡೆ ಪಶು ಆಸ್ಪತ್ರೆಗೆ ಹೆಚ್ಚು ಕೆಲಸ ಬರುವುದು ದೊಡ್ಡಹಬ್ಬದ ಮಾರನೇ ದಿನ. ದೀಪಾವಳಿಯ ಪಾಡ್ಯದಂದು ಗೋಪೂಜೆ. ದನ ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಅಕ್ಕಿ ಅಳೆಯುವ ಸಿದ್ದೆಯ ಬಾಯನ್ನು ಬಿಳಿ ಸೇಡಿಮಣ್ಣಿನ ನೀರಲ್ಲಿ ಅದ್ದಿ ಮೈತುಂಬ ಬಳೆಬಳೆಯಾಗಿ ಅಚ್ಚು ಒತ್ತುತ್ತಾರೆ. ಆಮೇಲೆ ತಿನ್ನಿಸುವುದು. ಕಡುಬು, ಅನ್ನ, ಪಾಯಸ, ಬೇಡ ಬೇಡ ಅಂದರೂ ಇನ್ನೊಂದು ಬುಟ್ಟಿ. ಹುಲ್ಲು ತಿನ್ನುವ ಹೊಟ್ಟೆಗೆ ಅಷ್ಟು ಅನ್ನ ಬಿದ್ದರೆ ಅದು ಒಳಗೇ ಹುಳಿಯಾಗಿ ದನ ನೆಲ ಹಿಡಿಯುತ್ತದೆ.

ಮುಟ್ಟಳ್ಳಿಯ ಒಂದು ಮನೆಯ ಕೆಂದ ಹಸು ಹಾಗೆಯೇ ಹೋಯಿತು. ಹಾಲು ಕೊಡುತ್ತಿದ್ದ ಹಸು, ಎಳೆಗರು ಬೇರೆ. ನಾನು ಸಿಟ್ಟಿನಲ್ಲಿ ಆ ಮನೆಯಾಕೆಗೆ ಬಾಯಿಗೆ ಬಂದಂತೆ ಬೈದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಇಷ್ಟೇ ಹೇಳಿದಳು.

"ಹಬ್ಬದ ದಿನ ನಾವು ಪಾಯ್ಸ ಉಂಡು ಅದ್ಕೆ ಬರೇ ಒಣಹುಲ್ಲು ಹಾಕೂದಾ ಅಕ್ಕೋರೆ? ಮನ್ಸು ಬರ್ಬೇಕಲ?"

ಅವಳಿಗೆ ತಿನ್ನಿಸಬೇಡ ಎಂದು ಹೇಳುವುದು ತಪ್ಪು ಅಂತ ಅವತ್ತು ನನಗೆ ಅರ್ಥವಾಯಿತು. ಏನು ತಿನ್ನಿಸಬೇಕು, ಎಷ್ಟು ತಿನ್ನಿಸಬೇಕು ಎಂದು ಹೇಳಬೇಕಿತ್ತು.

ಮುಂದಿನ ವರ್ಷ ಹಬ್ಬಕ್ಕೆ ಹದಿನೈದು ದಿನ ಮೊದಲೇ ಕಾಯ್ಕಿಣಿ, ಮುಟ್ಟಳ್ಳಿ, ಮುರ್ಡೇಶ್ವರ ಎಂದು ಕೇರಿಕೇರಿ ಸುತ್ತಿದೆ. "ಹಬ್ಬದ ಉಂಡೆ" ಎಂದು ಹೆಸರಿಟ್ಟೆ. ದನವೊಂದಕ್ಕೆ ಐದೇ ಐದು ಉಂಡೆ, ಕಡುಬು ಬೇಕೇ ಬೇಕೆಂದರೆ ಒಂದು ಚೂರು ಶಾಸ್ತ್ರಕ್ಕೆ. ಹೆಂಗಸರನ್ನು ಕೂರಿಸಿ ನಾನೇ ಕಟ್ಟಿ ತೋರಿಸಿದೆ. ಆ ವರ್ಷ ಹಬ್ಬದ ಮಾರನೇ ದಿನ ಡಾಕ್ಟರು ಕುರ್ಚಿಯಲ್ಲಿ ಕುಳಿತು ಪೇಪರು ಓದಿದರು. ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಎಮ್ಮೆಯ ಸುದ್ದಿ ತೆಗೆದರೆ ಸಾಕು, ಉಂಡೆ ಪುರಾಣ ಸುರು ಮಾಡುತ್ತಿದ್ದೆ. ನನ್ನ ಗಂಡ ಪಕ್ಕದ ಸೀಟಿನಲ್ಲಿ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚುತ್ತಿದ್ದ.

ಆ ಅಹಂಕಾರದ ದಿನಗಳಲ್ಲೇ ಜಟ್ಟಪ್ಪ ನಾಯ್ಕ ಬಂದದ್ದು. ಅವನು ಮುರ್ಡೇಶ್ವರದವನು. ಬೋಟಿನಲ್ಲಿ ಬಲೆ ಎಳೆಯುತ್ತಾ ಇದ್ದವನು ಭುಜ ಪೆಟ್ಟು ಮಾಡಿಕೊಂಡ ಮೇಲೆ ಒಂದು ಕುದುರೆ ತಂದು, ಸಮುದ್ರದ ಬದಿಯಲ್ಲಿ ಪ್ರವಾಸಿಗರ ಮಕ್ಕಳನ್ನು ಕೂರಿಸಿ ತಿರುಗಿಸುತ್ತಿದ್ದ. ಕಂದು ಬಣ್ಣದ ಹೆಣ್ಣು ಕುದುರೆ, ಹೆಸರು ಚಂದ್ರಿ. ಅವನ ಹೆಂಡತಿ ಸಾವಿತ್ರಿ ಕಾಯ್ಕಿಣಿಯ ಬೇಸಾಯದ ಮನೆಯ ಮಗಳು, ದನಕರುವಿನ ನಡುವೆ ಬೆಳೆದವಳು. ಗಂಡನ ಮನೆಯಲ್ಲಿ ಒಂದು ಕರುವೂ ಇರಲಿಲ್ಲ. ಚಂದ್ರಿ ಬಂದದ್ದೇ ತಡ, ಅದನ್ನೇ ದನ ಮಾಡಿಕೊಂಡುಬಿಟ್ಟಳು. ಬೆಳಿಗ್ಗೆ ಅಡುಗೆಮನೆಯ ಹಿಂಬಾಗಿಲಲ್ಲಿ ಚಂದ್ರಿ ತಲೆ ತೂರಿಸಿ ನಿಲ್ಲುವುದು, ಸಾವಿತ್ರಿ ಸೌತೆಕಾಯಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ಕೊಡುತ್ತಾ ಅದರೊಂದಿಗೆ ಮಾತಾಡುವುದು. ಜಟ್ಟಪ್ಪ ನನ್ನ ಹತ್ತಿರ ದೂರು ಹೇಳುತ್ತಿದ್ದ: "ನನ್ಗೆ ಚಾ ಕೊಡೂದು ಚಂದ್ರಿದು ಮುಗದ್ ಮೇಲೆ ಅಕ್ಕೋರೆ."

ಅದರ ಮುಂದಿನ ವರ್ಷ ಹಬ್ಬದ ಮೊದಲು ಗಂಡ ಹೆಂಡತಿ ಇಬ್ಬರೂ ನನ್ನ ಹತ್ತಿರ ಬಂದರು.

"ಊರ ದನಕ್ಕೆಲ್ಲ ಉಂಡೆ ಹೇಳ್ಕೊಟ್ರಿ," ಎಂದಳು ಸಾವಿತ್ರಿ. "ನಮ್ಮ ಚಂದ್ರಿಗೆ ಎಂತ ಮಾಡೂದು? ನಾನು ಅದ್ಕೇ ಪೂಜೆ ಮಾಡ್ತೆ."

ಕುದುರೆಯ ವಿಷಯ ನನಗೆ ಏನೇನೂ ಗೊತ್ತಿರಲಿಲ್ಲ. ಇಡೀ ಸರ್ವಿಸಿನಲ್ಲಿ ಕುದುರೆಗೆ ಕೈ ಹಚ್ಚಿದ್ದು ಬೆರಳೆಣಿಕೆಯಷ್ಟು ಸಲ, ಅದೂ ಕಾಲಿನ ಗಾಯಕ್ಕೆ. ಡಾಕ್ಟರನ್ನು ಕೇಳಿ ಹೇಳುತ್ತೇನೆ ಅನ್ನಬಹುದಿತ್ತು. ಅನ್ನಲಿಲ್ಲ. ದನದ ಅಕ್ಕೋರಿಗೆ ಗೊತ್ತಿಲ್ಲ ಅಂದರೆ ಮರ್ಯಾದೆ ಏನಾಗಬೇಕು!

"ಅದೇ ಉಂಡೆ," ಎಂದೆ. "ಕುದುರೆ ದೊಡ್ಡ ಪ್ರಾಣಿ, ಕಿತ್ತಳೆ ಗಾತ್ರಕ್ಕೆ ಕಟ್ಟು. ಸ್ವಲ್ಪ ಬಿಸಿಲಿಗಿಟ್ಟು ಗಟ್ಟಿ ಮಾಡು, ಇಲ್ಲದಿದ್ರೆ ಪುಡಿಯಾಗಿ ಉದುರ್ತದೆ."

"ಆತು ಅಕ್ಕೋರೆ," ಎಂದಳು, ಮುಖ ಅರಳಿಸಿಕೊಂಡು.

ಥೂ, ನನ್ನ ಬುದ್ಧಿಗಿಷ್ಟು!

ಪಾಡ್ಯದ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಜಟ್ಟಪ್ಪನ ಫೋನು. "ಅಕ್ಕೋರೆ, ಚಂದ್ರಿ ಎಂತೋ ಮಾಡ್ತದೆ. ಬೇಗ ಬನ್ನಿ." ಹೋಗಿ ನೋಡಿದರೆ ಚಂದ್ರಿ ಅಂಗಳದಲ್ಲಿ ಕತ್ತು ಮುಂದೆ ಚಾಚಿ ನಿಂತಿದೆ. ಮೈತುಂಬ ಸೇಡಿಯ ಬಿಳಿ ಬಳೆಗಳು, ಕೊರಳಲ್ಲಿ ಚೆಂಡುಹೂವಿನ ಮಾಲೆ. ಎರಡೂ ಮೂಗಿನ ಹೊಳ್ಳೆಗಳಿಂದ ಕಂದು ನೊರೆ ಇಳಿಯುತ್ತಿದೆ. ಮತ್ತೆ ಮತ್ತೆ ಕೆಮ್ಮುತ್ತಿದೆ, ನುಂಗಲು ನೋಡುತ್ತಿದೆ, ಆಗುತ್ತಿಲ್ಲ. ಸಾವಿತ್ರಿ ಹಬ್ಬದ ಸೀರೆಯಲ್ಲೇ ನೆಲದ ಮೇಲೆ ಕುಳಿತಿದ್ದಳು. ಪಕ್ಕದ ಹರಿವಾಣದಲ್ಲಿ ಇನ್ನೂ ಮೂರು ಉಂಡೆ ಉಳಿದಿದ್ದವು. ನಾನು ಹೇಳಿದ ಹಾಗೆಯೇ ಇದ್ದವು, ಕಿತ್ತಳೆ ಗಾತ್ರಕ್ಕೆ, ಗಟ್ಟಿಯಾಗಿ.

ನನಗೆ ತಿಳಿದದ್ದು ದನದ ಅಜೀರ್ಣ ಒಂದೇ. ಎಣ್ಣೆ ಕುಡಿಸಿದರೆ ಇಳಿಯುತ್ತದೆ ಅಂದುಕೊಂಡೆ. ಡಾಕ್ಟರಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಬ್ಯಾಗಿನ ತಳದಲ್ಲಿದ್ದ ಹಳೇ ಗೊಟ್ಟದಲ್ಲಿ ತೆಂಗಿನೆಣ್ಣೆ ತುಂಬಿಸಿ, ಜಟ್ಟಪ್ಪನಿಗೆ ಚಂದ್ರಿಯ ತಲೆ ಎತ್ತಿ ಹಿಡಿಯಲು ಹೇಳಿದೆ. ಅವನು ಎತ್ತಿದ. ಗೊಟ್ಟ ತುಟಿಗೆ ತಾಗಿತು. ಆಗ ನನ್ನ ಫೋನು ಬಡಿದುಕೊಂಡಿತು.

ಡಾಕ್ಟರು ಕುಮಟೆಯಲ್ಲಿ ಸ್ನೇಹಿತರ ಮನೆಗೆ ಹಬ್ಬಕ್ಕೆಂದು ಹೋಗಿದ್ದರು. ನಾನು ಎರಡು ಮಾತು ಹೇಳುವುದರೊಳಗೆ ಕೇಳಿದರು, "ಮೂಗಿನಾಗ ತಿಂದದ್ದು ಬರಾಕತ್ತೇತೇನು?"

"ಹೌದು ಸಾರ್. ಎಣ್ಣೆ ಹಾಕ್ತಾ ಇದ್ದೇನೆ."

"ಕೈ ತಗೀರಿ!" ಎಂದು ಕಿರುಚಿದರು. "ಬಾಯಾಗ ಒಂದ್ ಹನಿ ಹಾಕಬ್ಯಾಡ್ರಿ. ಅನ್ನನಾಳದಾಗ ಸಿಕ್ಕೊಂಡೈತಿ ಅದು. ಎಣ್ಣಿ ಹಾಕಿದ್ರ ಶ್ವಾಸಕ್ಕ ಹೋಗಿ ಸಾಯ್ತೈತಿ. ತಲಿ ಕೆಳಗ ಬಿಡ್ರಿ. ನಾ ಹೊಂಟೆ."

ಗೊಟ್ಟ ನನ್ನ ಕೈಯಿಂದ ಜಾರಿತು. ಒಂದು ನಿಮಿಷ ತಡವಾಗಿದ್ದರೆ ನಾನೇ ಕೊಲ್ಲುತ್ತಿದ್ದೆ.

ಡಾಕ್ಟರು ಬರುವ ತನಕ ಒಂದು ಗಂಟೆಗೂ ಹೆಚ್ಚು ಹೊತ್ತು. ಚಂದ್ರಿಯ ತಲೆ ತಗ್ಗಿಸಿ ಹಿಡಿದು, ಕತ್ತಿನ ಎಡಗಡೆ ಮೆಲ್ಲಗೆ ತಿಕ್ಕುತ್ತಾ ನಿಂತೆವು. ಬೆರಳಿಗೆ ಒಂದು ಗಂಟು ಸಿಗುತ್ತಿತ್ತು. ಅದು ನನ್ನ ಉಂಡೆ. ಜಟ್ಟಪ್ಪ ಅದರ ಹಣೆಗೆ ಹಣೆ ಹಚ್ಚಿ, "ಎಂತ ಆಗೂದಿಲ್ಲ ಮಗಾ, ಎಂತ ಆಗೂದಿಲ್ಲ" ಎಂದು ಹೇಳುತ್ತಲೇ ಇದ್ದ. ಅವನ ಅಂಗಿಯ ಮೇಲೆಲ್ಲ ನೊರೆ. ನೆರೆಮನೆಯವರು ಬೇಲಿಯ ಬದಿಗೆ ಬಂದು ನಿಂತರು.

ಡಾಕ್ಟರು ಬಂದರು, ಮೊದಲು ಮಂಪರಿನ ಇಂಜೆಕ್ಷನ್ ಕೊಟ್ಟರು. ಮೂಗಿನ ಮೂಲಕ ಉದ್ದನೆಯ ರಬ್ಬರ್ ಕೊಳವೆ ಇಳಿಸಿ, ಉಗುರುಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪ ಬಿಡುತ್ತಾ ಗಂಟನ್ನು ಕರಗಿಸಿದರು. ಕೊನೆಗೆ ಕೊಳವೆ ಸರಾಗ ಒಳಗಿಳಿಯಿತು. ಚಂದ್ರಿ ದೊಡ್ಡದಾಗಿ ಉಸಿರು ಬಿಟ್ಟಿತು. ಜಟ್ಟಪ್ಪ ಅಲ್ಲೇ ಅಂಗಳದಲ್ಲಿ ಕುಸಿದು ಕುಳಿತು ಮಗುವಿನ ಹಾಗೆ ಅತ್ತ.

ಡಾಕ್ಟರು ಕೈ ತೊಳೆಯುತ್ತಾ ಹರಿವಾಣದ ಕಡೆ ನೋಡಿದರು. "ದನ ನುಂಗಿದ್ದನ್ನ ಮತ್ತ ಬಾಯಿಗೆ ತಂದು ಮೆಲ್ಲತೈತಿ. ಕುದರಿಗೆ ಒಮ್ಮೆ ಒಳಗ ಹೋತು ಅಂದ್ರ ಮುಗೀತು, ವಾಪಸ್ ಬರೂದಿಲ್ಲ. ಒಣ ತೌಡು ಒಳಗ ಉಬ್ಬಿ ಕುಂತೈತಿ. ಇದನ್ನ ಯಾರು ಮಾಡಿದ್ದು?"

ಸಾವಿತ್ರಿ ಎದ್ದು ನಿಂತಳು. ಒಮ್ಮೆ ನನ್ನ ಮುಖ ನೋಡಿದಳು.

"ನಾನೇ ಕಟ್ಟದ್ದು ಸಾಯೇಬ್ರೆ," ಎಂದಳು. "ಗಟ್ಟಿ ಆಗೋತು ಕಾಣ್ತದೆ. ನಂದೇ ತಪ್ಪು."

ಬೇಲಿಯ ಬದಿಯ ಜನ ಅವಳನ್ನೇ ನೋಡುತ್ತಿದ್ದರು. ಒಬ್ಬಳು "ಎಂತ ಹೆಂಗಸೋ ಮಾರಾಯ್ತಿ" ಎಂದದ್ದು ನನ್ನ ಕಿವಿಗೂ ಬಿತ್ತು, ಅವಳ ಕಿವಿಗೂ ಬಿತ್ತು. ನಾನು ಬಾಯಿ ತೆರೆಯಬೇಕಿತ್ತು. ಎರಡೇ ಎರಡು ಶಬ್ದ: ನಾನು ಹೇಳಿದ್ದು. ನಾನು ಬ್ಯಾಗಿನ ಜಿಪ್ಪು ಎಳೆಯುವ ನೆವ ಮಾಡಿ ತಲೆ ತಗ್ಗಿಸಿದೆ.

ಇಷ್ಟು ವರ್ಷದ ಕೆಲಸದಲ್ಲಿ ಸೂಜಿ ತಪ್ಪಿ ನನ್ನ ಬೆರಳಿಗೇ ಚುಚ್ಚಿಕೊಂಡಿದ್ದೇನೆ, ಒಂದು ಮನೆಯ ಮದ್ದು ಇನ್ನೊಂದು ಮನೆಗೆ ಕೊಟ್ಟು ಓಡಿಹೋಗಿ ವಾಪಸು ತಂದಿದ್ದೇನೆ. ಅವನ್ನೆಲ್ಲ ನೆನೆದು ನಗುತ್ತೇನೆ. ಇದನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ.

ಒಂದು ತಿಂಗಳು ಕಳೆಯಿತು. ಮುರ್ಡೇಶ್ವರದ ಮರಳ ಮೇಲೆ ಜಟ್ಟಪ್ಪ ಸಿಕ್ಕಿದ. ಚಂದ್ರಿ ಪಕ್ಕದಲ್ಲಿತ್ತು, ಸ್ವಲ್ಪ ಸೊರಗಿತ್ತು.

"ಚಂದ್ರಿ ಹುಷಾರಾ?" ಎಂದೆ.

"ಅದು ಹುಷಾರೇ. ಸಾವಿತ್ರಿದೇ ಪಂಚಾಯ್ತಿ," ಎಂದ. "ಅಂದಿನಿಂದ ಅದ್ರ ಹತ್ರ ಬರೂದೇ ಬಿಟ್ಟಿದ್ಳು ಅಕ್ಕೋರೆ. ತನ್ನ ಕೈ ಸರಿ ಇಲ್ಲ ಅಂಬೂದು ಒಂದೇ ಮಾತು. ಹಿಂಬಾಗ್ಲು ಹಾಕೇ ಇಡೂದು. ಇದು ದಿನಾ ಬೆಳಿಗ್ಗೆ ಆ ಬಾಗ್ಲ ಎದ್ರಿಗೆ ಹೋಗಿ ನಿಂತ್ಕಣೂದು. ನಾನು ಎಂತ ಕೊಟ್ರೂ ಮೂಸಿ ಬಿಟ್ಬಿಡ್ತದೆ."

ಅಯ್ಯೋ ದೇವರೆ! ನೇರ ಆಸ್ಪತ್ರೆಗೆ ಹೋಗಿ ಡಾಕ್ಟರ ಮುಂದೆ ನಿಂತು, ಆ ಉಂಡೆಯ ಲೆಕ್ಕ ಹೇಳಿಕೊಟ್ಟದ್ದು ನಾನೇ, ಬಿಸಿಲಿಗಿಡಲು ಹೇಳಿದ್ದೂ ನಾನೇ ಎಂದೆ. ಬೈಯುತ್ತಾರೆ ಎಂದು ಕಾದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಅದು ನಿಮ್ಮ ಉಂಡಿ ಅಂತ ಅಲ್ಲಿ ಕಾಲಿಟ್ಟಾಗ್ಲೇ ತಿಳೀತು. ಇಡೀ ತಾಲೂಕಿನಾಗ ಮತ್ಯಾರು ಕಟ್ತಾರ್ರೀ? ನೀವ ಹೇಳ್ತೀರಿ ಅಂತ ಕಾದೆ," ಎಂದರು. "ನನಗ ಹೇಳಿ ಏನು ಮಾಡ್ತೀರಿ? ಹೇಳಬೇಕಾದಾಕಿ ಮುರ್ಡೇಶ್ವರದಾಗ ಅದಾಳ." ಆಮೇಲೆ ಒಂದು ಚೀಟಿ ತೆಗೆದು, ಕುದುರೆಗೆ ಏನು ಕೊಡಬಹುದು, ಹೇಗೆ ಕೊಡಬೇಕು ಎಂದು ಬರೆದುಕೊಟ್ಟರು.

ಮರುದಿನ ಬೆಳಿಗ್ಗೆ ಚಾ ಕೂಡ ಕುಡಿಯದೆ ಹೊರಟೆ. ಚಂದ್ರಿ ಜಟ್ಟಪ್ಪ ಹೇಳಿದ ಹಾಗೆಯೇ ಮುಚ್ಚಿದ ಹಿಂಬಾಗಿಲ ಎದುರು ನಿಂತಿತ್ತು. ನಾನು ಮುಂಬಾಗಿಲಿಂದ ಒಳಗೆ ಹೋದೆ. ಸಾವಿತ್ರಿ ಒಲೆಯ ಮುಂದಿದ್ದಳು. "ಬನ್ನಿ ಅಕ್ಕೋರೆ, ಕುಂತ್ಕಣಿ" ಎಂದು ಮಣೆ ಕೊಟ್ಟಳು. ನಾನು ಕೂರಲಿಲ್ಲ. ಕುಳಿತರೆ ಬೇರೆ ಮಾತು ಸುರುವಾಗುತ್ತದೆ ಎಂಬ ಹೆದರಿಕೆ.

"ಸಾವಿತ್ರಿ, ಅವತ್ತಿನ ತಪ್ಪು ನಿಂದಲ್ಲ, ನಂದು. ಗಾತ್ರ ಹೇಳಿದ್ದು ನಾನು, ಬಿಸಿಲಿಗಿಡು ಅಂದದ್ದು ನಾನು. ಕುದುರೆ ವಿಷ್ಯ ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅನ್ನೂಕೆ ನಾಚ್ಕೆ ಆತು. ಎಲ್ಲರೆದ್ರಿಗೆ ನೀನು ತಪ್ಪು ಹೊತ್ಕಂಡೆ, ನಾನು ಬಾಯಿ ಮುಚ್ಕಂಡು ನಿಂತೆ."

ಅವಳು ಒಲೆಯ ಕೊಳ್ಳಿಯನ್ನು ಒಳಗೆ ತಳ್ಳಿದಳು.

"ನೀವು ಹೇಳ್ದ ಹಾಂಗೇ ಮಾಡ್ದೆ ಅಂತ ನಂಗೆ ಗೊತ್ತಿತ್ತು," ಎಂದಳು. "ತಪ್ಪಿದ್ರೆ ಅಕ್ಕೋರು ಹೇಳ್ತ್ರು ಅಂದ್ಕಂಡು ನಿಮ್ಮ ಮುಖ ನೋಡ್ದೆ. ನೀವು ಎಂತದೂ ಹೇಳ್ಲಿಲ್ಲ. ಹಾಂಗಾರೆ ನೀವು ಹೇಳದ್ದು ಸರಿನೇ, ನನ್ನ ಕೈಯೇ ಸರಿ ಇಲ್ಲ ಅಂದ್ಕಂಡೆ."

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ. ಅವಳೂ ಅತ್ತಳು. ಹೊರಗೆ ಚಂದ್ರಿ ಗೊರಸಿನಿಂದ ಒಮ್ಮೆ ನೆಲ ಕೆರೆಯಿತು.

ಬ್ಯಾಗಿನಿಂದ ಚೀಟಿ ತೆಗೆದು, ಓದುತ್ತಾ ಇಬ್ಬರೂ ಸೇರಿ ಮಾಡಿದೆವು. ಈ ಸಲ ನನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತಾ ಮಾಡಿದೆ. ಎರಡು ಹಿಡಿ ತೌಡನ್ನು ಬಿಸಿನೀರಲ್ಲಿ ಚೆನ್ನಾಗಿ ನೆನೆಸಿ ಗಂಜಿಯ ಹದಕ್ಕೆ ತಂದು ಆರಿಸಿದೆವು. ಚಿಟಿಕೆ ಉಪ್ಪು, ಒಂದು ಚಮಚ ಜೋನಿ ಬೆಲ್ಲ. ಕ್ಯಾರೆಟ್ಟನ್ನು ಬಿಲ್ಲೆ ಮಾಡದೆ ಉದ್ದುದ್ದಕ್ಕೆ ತೆಳ್ಳಗೆ ಸೀಳಿದೆವು. ಬಿಲ್ಲೆಯಾದರೆ ಗಂಟಲಿಗೆ ಸಿಕ್ಕುತ್ತದೆ. ಕೈಯಿಂದ ಕೊಡುವಾಗ ಬೆರಳು ಮಡಿಸದೆ ಅಂಗೈ ಚಪ್ಪಟೆಯಾಗಿ ಚಾಚಬೇಕು, ಇಲ್ಲದಿದ್ದರೆ ಕುದುರೆಗೆ ಬೆರಳೂ ತಿಂಡಿಯೂ ಒಂದೇ. ಹೊಸಬರು ಇದನ್ನು ಬರೆದಿಟ್ಟುಕೊಳ್ಳಿ. ಇದರ ಮೊದಲು, ಯಾವ ಪ್ರಾಣಿಗಾದರೂ ಸರಿ, ಗೊತ್ತಿದ್ದವರನ್ನು ಕೇಳಿ.

ಸಾವಿತ್ರಿ ಹಿಂಬಾಗಿಲ ಅಗಳಿ ತೆಗೆದಳು. ಬಾಗಿಲು ಪೂರ್ತಿ ತೆರೆಯುವ ಮೊದಲೇ ಚಂದ್ರಿಯ ಮೂತಿ ಒಳಗೆ ಬಂತು. ಅವಳು ಗಂಜಿಯ ಬೋಗುಣಿ ಹಿಡಿದಳು. ಚಂದ್ರಿ ಮೊದಲು ಬೋಗುಣಿಗೆ ಬಾಯಿ ಹಾಕಲಿಲ್ಲ, ಅವಳ ಭುಜಕ್ಕೆ ಮೂಗು ಒತ್ತಿ ನಿಂತಿತು. ಆಮೇಲೆ ಮೆಲ್ಲಗೆ ತಿಂದಿತು. ಕ್ಯಾರೆಟ್ಟಿನ ಸೀಳನ್ನು ಅವಳ ಅಂಗೈಯಿಂದ ಒಂದೊಂದಾಗಿ ಎತ್ತಿಕೊಂಡಿತು. "ಎಂತ, ಸಿಟ್ಟು ಬಂದಿತ್ತಾ ನನ್ನ ಮೇಲೆ?" ಎಂದು ಅವಳು ಕೇಳುತ್ತಲೇ ಇದ್ದಳು. ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಜಟ್ಟಪ್ಪ ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ನಿಂತುಬಿಟ್ಟಿದ್ದ.

ಬೇಲಿಯ ಬದಿಯಲ್ಲಿ ಅವತ್ತು ಮಾತಾಡಿದ ನೆರೆಮನೆಯಾಕೆ ಕಂಡಳು. ಅವಳನ್ನು ಕೂಗಿ ಕರೆದು, ತಪ್ಪು ನನ್ನದು ಎಂದು ಅವಳಿಗೂ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ, ಆಚೆ ಮನೆಗೂ ಕೇಳಲಿ ಎಂದು.

ಇನ್ನು ಹೊರಡುತ್ತೇನೆ ಎಂದು ಬ್ಯಾಗು ಹೆಗಲಿಗೆ ಹಾಕಿದೆ. ಸಾವಿತ್ರಿ ನನ್ನ ಮುಖವನ್ನೇ ನೋಡಿದಳು.

"ಬೆಳಿಗ್ಗಿಂದ ಎಂತದೂ ತಿಂದಂಗೆ ಕಾಣೂದಿಲ್ಲ ನೀವು. ನಿಂತ್ಕಣಿ."

ಒಳಗೆ ಹೋಗಿ ಒಂದು ತುಂಡು ದೋಸೆಗೆ ಜೋನಿ ಬೆಲ್ಲ ಸುರಿದು ತಂದಳು. ತಟ್ಟೆ ತರಲಿಲ್ಲ. "ಕೈ ಹಿಡೀರಿ ಅಕ್ಕೋರೆ," ಎಂದಳು.

ನಾನು ಬೆರಳು ಮಡಿಸದೆ ಅಂಗೈ ಚಾಚಿದೆ.